ಮೊದಲ ಹೆಣಿಗೆಗೆ ಕಪ್ಪು ಉಲ್ಲನ್ ಯಾಕ್ರಮ್ಮ?

ಹೆಣಿಗೆ ಕಲೀತೀನಿ ಅಂತ ಬರುವ ಹುಡುಗಿಯರ ಚೀಲ ಬಿಚ್ಚಿದರೆ ನನಗೆ ಸಿಟ್ಟೇ ಬರುತ್ತದೆ. ಒಂದೋ ಕಪ್ಪು ಉಲ್ಲನ್, ಇಲ್ಲಾಂದ್ರೆ ಬೆಕ್ಕಿನ ಮೈಯಂತೆ ಕೂದಲೆದ್ದ ಉಂಡೆ. ಕಪ್ಪಿನಲ್ಲಿ ಕುಣಿಕೆ ಕಾಣುವುದಿಲ್ಲ. ಕೂದಲೆದ್ದದ್ದನ್ನು ಬಿಚ್ಚಲು ಹೋದರೆ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಕಲಿಯುವವರಿಗೆ ಬಿಚ್ಚುವ ಕೆಲಸವೇ ಜಾಸ್ತಿ ಅಲ್ವಾ?

ತಿಳಿಯಾದ ಒಂದೇ ಬಣ್ಣ ತಗೊಳ್ಳಿ, ನುಣ್ಣಗಿರಲಿ. ತೀರಾ ಸಣ್ಣ ಎಳೆ ಬೇಡ, 4 ಅಥವಾ 4.5 ಮಿ.ಮೀ. ಕಡ್ಡಿಗೆ ಒಪ್ಪುವ ದಪ್ಪ ಸಾಕು. ನಮ್ಮ ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ನಿಜ. ಆದರೂ ಮೊದಲಿಗೆ ಹತ್ತಿ ನೂಲು ಬೇಡ. ಅದು ಹಿಗ್ಗುವುದಿಲ್ಲ, ಬೆರಳು ಸೋಲುತ್ತದೆ. ಉಣ್ಣೆ ಹಿಗ್ಗಿ ಕುಗ್ಗಿ ಸಣ್ಣಪುಟ್ಟ ಏರುಪೇರು ಮುಚ್ಚಿಕೊಳ್ಳುತ್ತದೆ. ಅಕ್ರಿಲಿಕ್ ಆದರೂ ನಡೆಯುತ್ತದೆ.

ಉಲ್ಲನ್ ತರಲು ನಮ್ಮೂರ ಮಂಡಿಪೇಟೆಗೆ ಹೋಗುವಾಗ, ಅಂಗಡಿಯಲ್ಲೇ ಪರೀಕ್ಷಿಸಲು ನನ್ನ ಬ್ಯಾಗಿನಲ್ಲಿ ಒಂದು ಹೆಣಿಗೆ ಕಡ್ಡಿ ಇದ್ದೇ ಇರುತ್ತದೆ. ಉಂಡೆಯ ತುದಿಯನ್ನು ಗೇಣುದ್ದ ಎಳೆದು ಬೆಳಕಿಗೆ ಹಿಡಿಯಿರಿ. ಹುರಿ ಹಾಕಿದ್ದಕ್ಕೆ ಎದುರು ದಿಕ್ಕಿನಲ್ಲಿ, ಎರಡು ಬೆರಳಲ್ಲಿ ಮೆಲ್ಲಗೆ ಹೊಸೆಯಿರಿ. ಒಂದೆರಡು ಸುತ್ತಿಗೇ ಎಳೆಗಳು ಬಾಯಿ ಬಿಟ್ಟರೆ ವಾಪಸ್ ಇಡಿ. ಬಿಡಲಿಲ್ಲವೋ, ಸಡಿಲವಾಗಿ ಒಂದು ಕುಣಿಕೆ ಮಾಡಿ ಕಡ್ಡಿಯ ಮೊನೆ ತೂರಿಸಿ. ಮೊನೆ ಕುಣಿಕೆಯೊಳಗೆ ನುಸುಳಬೇಕು. ಎಳೆಯನ್ನೇ ಸೀಳಿಕೊಂಡು ಹೋದರೆ ಆ ಉಲ್ಲನ್ ನಿಮ್ಮನ್ನು ಸಾಲುಸಾಲಿಗೂ ಕಾಡುತ್ತದೆ. ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಗೆ ಉಜ್ಜಿ ನೋಡಿ. ಅಂಗೈಯಲ್ಲಿ ಮುಟ್ಟಿ ಮೆತ್ತಗಿದೆ ಅನ್ನಬೇಡಿ, ಪಾತ್ರೆ ತಿಕ್ಕಿದ ಕೈಗೆ ಚುಚ್ಚೋದು ಗೊತ್ತಾಗಲ್ಲ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಿಮ್ಮದು.

ಕುತ್ತಿಗೆಗೆ ಉಜ್ಜೋದು ಹೇಳಿಕೊಟ್ಟವರು ನಮ್ಮತ್ತೆ. ಚಳ್ಳಕೆರೆ ಕಡೆಯವರು, ಕಂಬಳಿ ನೇಯುವುದನ್ನು ನೋಡುತ್ತಲೇ ಬೆಳೆದವರು. ಈ ಕಡೆಯ ಕುರಿ ಉಣ್ಣೆ ಒರಟು, ಕಂಬಳಿಗೆ ಅದೇ ಬೇಕು, ಕೂಸಿನ ಕುಲಾವಿಗೆ ಮಾತ್ರ ಮುಟ್ಟಬೇಡ ಅನ್ನುತ್ತಿದ್ದರು. ಅಂದ ಹಾಗೆ, ಕಂಬಳಿಯನ್ನು ಬಿಸಿಲಿಗೆ ಹಾಕಿ ಕೊಡವದೆ ಟ್ರಂಕಿಗೆ ತುರುಕಬೇಡಿ. ಒಣಗಿದ ಬೇವಿನೆಲೆ ಹಾಕಿಡಿ. ಸುಮ್ನೆ ಒಳಗಿಟ್ಟು ಆಮೇಲೆ ಹುಳು ತಿಂತು ಅಂತ ಗೋಳಾಡುವವರನ್ನು ಎಷ್ಟು ಜನರನ್ನು ನೋಡಿಲ್ಲ!

ಉಂಡೆಗಳನ್ನು ಒಂದೊಂದಾಗಿ ತರುವ ಚಾಳಿಯನ್ನೂ ಬಿಡಿ. ಉಂಡೆಗೆ ಸುತ್ತಿದ ಚೀಟಿಯಲ್ಲಿ ಬಣ್ಣದ ನಂಬರ್ ಜೊತೆ ಲಾಟ್ ನಂಬರ್, ಅಂದ್ರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು, ಇರುತ್ತದೆ. ಬಣ್ಣ ಅದೇ ಆದರೂ ಲಾಟ್ ಬೇರೆಯಾದರೆ ತೋಳೊಂದು ಛಾಯೆ, ಬೆನ್ನೊಂದು ಛಾಯೆ. ಎಲ್ಲವನ್ನೂ ಒಂದೇ ಲಾಟಿನಲ್ಲಿ ಆರಿಸಿ, ಬೇಕಾದ್ದಕ್ಕಿಂತ ಒಂದುಂಡೆ ಜಾಸ್ತಿಯೇ ತನ್ನಿ. ಚೀಟಿಯನ್ನು ಮಾತ್ರ ಸ್ವೆಟರ್ ಮುಗಿಯುವ ತನಕ ಎಸೆಯಬೇಡಿ.