ಪಿಕಪ್‌ಗೆ ದೊಡ್ಡ ಟೈರ್, ಲೆವೆಲಿಂಗ್ ಕಿಟ್ ಹಾಕಿಸೋರಿಗೆ

ಲೆವೆಲಿಂಗ್ ಕಿಟ್ ಅಂದ್ರೆ ಗಾಡಿಯ ಮುಂಭಾಗ ಎತ್ತಿ ಹಿಂಭಾಗದ ಮಟ್ಟಕ್ಕೆ ತರೋ ಸಾಮಾನು. ಮೊದಲು ಕಿಟ್, ಚಕ್ರದ ಅಲೈನ್‌ಮೆಂಟ್, ಟೈರ್ ಆಮೇಲೆ. ಮುಂಭಾಗ 2 ಇಂಚು ಎದ್ದರೆ ಕ್ಯಾಂಬರ್ (ಚಕ್ರ ಒಳಗೆ-ಹೊರಗೆ ವಾಲಿರೋ ಕೋನ), ಟೋ (ಚಕ್ರದ ಮುಂಭಾಗ ಒಳಗೆ-ಹೊರಗೆ ತಿರುಗಿರೋದು) ಎರಡೂ ಬದಲಾಗುತ್ತವೆ. ಹಾಗೇ ಓಡಿಸಿದರೆ ಹೊಸ ಟೈರಿನ ಒಂದು ಅಂಚು ಬೇಗ ಸವೆದುಹೋಗುತ್ತೆ. ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ) ಮೇಲೆ ಕೂರುವ ಕಿಟ್ಟಿನ ಸ್ಪೇಸರಿನ ದಪ್ಪಕ್ಕಿಂತ ಗಾಡಿ ಜಾಸ್ತಿನೇ ಏಳುತ್ತೆ, ಲೆಕ್ಕ ತಪ್ಪಬೇಡಿ.

ಟೈರ್ ಉಜ್ಜುತ್ತಾ ಅಂತ ನಿಂತ ಗಾಡೀಲಿ ನೋಡಿದರೆ ಸಾಲದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತಗೊಳ್ಳಿ, ಹಂಪ್ ಮೇಲೆ ನಿಧಾನಕ್ಕೆ ಹತ್ತಿಸಿ. ಸಾಮಾನ್ಯವಾಗಿ ತಾಗೋದು ಫೆಂಡರ್ ಲೈನರಿಗೆ (ಚಕ್ರದ ಗೂಡಿನ ಒಳಗಿನ ಹೊದಿಕೆ) ಅಥವಾ ಮುಂದಿನ ಬಂಪರಿನ ಹಿಂದಿನ ಮೂಲೆಗೆ. ಅಲ್ಲಿ ಕಪ್ಪಗೆ ಹೊಳೆಯೋ ಉಜ್ಜಿದ ಗುರುತು ಇದೆಯಾ ನೋಡಿ. ಬ್ರೇಕ್ ಹೋಸ್ ಬಿಗಿದು ಎಳೆದಿರಬಾರದು.

265/70ಆರ್17 ಸೈಜಿನ ಟೈರ್ ತೆಗೆದು 285/70ಆರ್17 ಹಾಕಿದರೆ ಟೈರಿನ ಸುತ್ತಳತೆ ಸುಮಾರು 3.5% ಹೆಚ್ಚು. ಮೊದಲು 100 ತೋರಿಸುತ್ತಿದ್ದ ವೇಗಕ್ಕೆ ಮೀಟರ್ ಈಗ 97ರ ಹತ್ತಿರ ತೋರಿಸುತ್ತೆ. ಮೈಲೇಜೂ ಇಳಿಯುತ್ತೆ, ಅದಕ್ಕೆ ಉಪಾಯವಿಲ್ಲ.

ಹೆಡ್‌ಲೈಟಿನ ಬೆಳಕು ಕೆಳಗೆ ಬೀಳೋ ಹಾಗೆ ಅಡ್ಜಸ್ಟ್ ಮಾಡಿಸಿ, ಇಲ್ಲಾಂದ್ರೆ ಎದುರಿನವರ ಕಣ್ಣು ಕುಕ್ಕುತ್ತೆ. ಚಕ್ರದ ನಟ್‌ಗಳನ್ನ 100 ಕಿಲೋಮೀಟರಿನೊಳಗೆ ಟಾರ್ಕ್ ರೆಂಚಲ್ಲಿ ಮತ್ತೆ ಬಿಗಿ ಮಾಡಿ.

ಯಾವಾಗಲೂ ಹಿಂದೆ ಲೋಡ್ ಹೊರಿಸೋರಾದರೆ ಈ ಕಿಟ್ಟೇ ಬೇಡ ಅಂತೀನಿ. ಕಂಪನಿ ಹಿಂಭಾಗ ಎತ್ತರ ಇಟ್ಟಿರೋದೇ ಅದಕ್ಕೆ.

ಸ್ಟೆಪ್ನಿನೂ ಅದೇ ಸೈಜ್ ತಗೊಳ್ಳಿ, ತೊಟ್ಟಿಯ ಅಡಿಯಲ್ಲಿ ಹಿಡಿಸುತ್ತಾ ಅಂತ ಅಳೆದು.