ಸೈಕಲ್ ಹಿಂದಿನ ಲೈಟ್: ಯಾವುದು ತಗೊಳ್ಳೋದು, ಎಲ್ಲಿ ಹೇಗೆ ಕಟ್ಟೋದು

ಹಿಂದಿನ ಲೈಟ್ ತಗೊಳ್ಳೋಕೆ ಅಂಗಡಿಗೆ ಹೋದವರು ಮೊದಲು ಕೇಳೋದು ಎಷ್ಟು ಲ್ಯೂಮೆನ್, ಅಂದ್ರೆ ಎಷ್ಟು ಬೆಳಕು ಕೊಡುತ್ತೆ ಅಂತ. ಕೇಳಿ, ತಪ್ಪೇನಿಲ್ಲ, ಆದ್ರೆ ಒಂದಿನ ಸಂಜೆ ಕತ್ತಲಾದ್ಮೇಲೆ ಔಟರ್ ರಿಂಗ್ ರೋಡಲ್ಲೋ ಕನಕಪುರ ರಸ್ತೇಲೋ ಸ್ವಲ್ಪ ಹೊತ್ತು ನಿಂತು ಹೋಗೋ ಸೈಕಲ್‌ಗಳನ್ನ ಗಮನಿಸಿ ನೋಡಿ. ಲೈಟ್ ಇರೋರಲ್ಲೇ ಒಬ್ರದ್ದು ಟಾರು ನೋಡ್ತಿರುತ್ತೆ, ಇನ್ನೊಬ್ರದ್ದು ಜಾಕೆಟ್ ಕೆಳಗೆ ಸೇರ್ಕೊಂಡಿರುತ್ತೆ, ಮತ್ತೊಬ್ರು ಬ್ಯಾಗಿಗೆ ಸಿಕ್ಸಿರ್ತಾರೆ, ಅದು ಆಕಾಶ ನೋಡ್ಕೊಂಡು ಹೋಗ್ತಿರುತ್ತೆ. ಸಾವಿರಾರು ರೂಪಾಯಿ ಕೊಟ್ಟು ತಂದಿದ್ದು ಹಿಂದಿಂದ ಬರೋ ಕ್ಯಾಬಿನವನ ಕಣ್ಣಿಗೇ ಬೀಳ್ಲಿಲ್ಲ ಅಂದ್ರೆ ಲ್ಯೂಮೆನ್ ತಗೊಂಡು ಏನ್ಮಾಡೋದು? ಅದಕ್ಕೇ ಇಲ್ಲಿ ಕೊಳ್ಳೋದರ ಬಗ್ಗೆ ಬರೆದಷ್ಟೇ ಕಟ್ಟೋದರ ಬಗ್ಗೆಯೂ ಬರೀತೀನಿ.

ಮೊದಲು ಎಷ್ಟು ದೂರದಿಂದ ಕಾಣ್ಬೇಕು ಅನ್ನೋ ಲೆಕ್ಕ. ಕಾರು ಗಂಟೆಗೆ 60 ಕಿಲೋಮೀಟರ್ ಸ್ಪೀಡಲ್ಲಿ ಬರ್ತಿದೆ, ನೀವು 20ರಲ್ಲಿ ಹೋಗ್ತಿದೀರಿ ಅಂದ್ಕೊಳ್ಳಿ, ಅಂದ್ರೆ ಅದು ನಿಮ್ಮ ಹತ್ರ ಸೆಕೆಂಡಿಗೆ ಹೆಚ್ಚುಕಮ್ಮಿ 11 ಮೀಟರ್ ಬರುತ್ತೆ. 30 ಮೀಟರ್ ದೂರದಲ್ಲಿ ನಿಮ್ಮನ್ನ ನೋಡಿದ್ರೆ ಅವನಿಗೆ ಸಿಗೋದು ಮೂರು ಸೆಕೆಂಡೂ ಇಲ್ಲ, ಅದರಲ್ಲಿ ಒಂದೂವರೆ ಎರಡು ಸೆಕೆಂಡು ಕಣ್ಣಿಗೆ ಬಿದ್ದಿದ್ದು ತಲೆಗೆ ಹೋಗಿ ಕಾಲು ಬ್ರೇಕ್ ಮೇಲೆ ಬರೋದಕ್ಕೇ ಬೇಕು. 100 ಮೀಟರ್‌ನಲ್ಲೇ ಕಂಡ್ರೆ ಒಂಬತ್ತು ಸೆಕೆಂಡ್, ಆರಾಮಾಗಿ ಪಕ್ಕಕ್ಕೆ ತಗೊಂಡು ಹೋಗ್ತಾನೆ. ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಹೋಗೋರು ಬಳ್ಳಾರಿ ರಸ್ತೆ ಹಿಡೀತಾರಲ್ಲ, ಅಲ್ಲಿ ಏರ್‌ಪೋರ್ಟ್ ಕ್ಯಾಬ್‌ಗಳು 80ರ ಮೇಲೇ ಇರ್ತವೆ, ಡ್ರೈವರ್ ರಾತ್ರಿಯೆಲ್ಲ ಗಾಡಿ ಓಡಿಸಿ ಅರೆನಿದ್ದೇಲಿ ಇರ್ತಾನೆ, ಅಂಥ ರಸ್ತೇಲಿ 200 ಮೀಟರ್‌ಗಿಂತ ಕಮ್ಮಿ ಕಾಣೋ ಲೈಟನ್ನ ನಂಬ್ಕೊಂಡು ಹೋಗ್ಬೇಡಿ.

ಈಗ ಲ್ಯೂಮೆನ್. ಲೈಟಿಂದ ಒಟ್ಟು ಎಷ್ಟು ಬೆಳಕು ಹೊರಗೆ ಬರುತ್ತೆ ಅನ್ನೋದರ ಅಳತೆ ಅದು, ಯಾವ ಕಡೆ ಹೋಗುತ್ತೆ ಅಂತ ಅದು ಹೇಳಲ್ಲ. ಅದೇ 50 ಲ್ಯೂಮೆನ್ ನಾಲ್ಕೂ ಕಡೆ ಚೆಲ್ಲಿದ್ರೆ ಹತ್ತಿರದಲ್ಲಿ ಚೆನ್ನಾಗಿ ಕಾಣುತ್ತೆ, ದೂರಕ್ಕೆ ಮಂಕು. ಲೆನ್ಸ್ ಹಾಕಿ ಒಂದೇ ಕಡೆ ಹರಿಸಿದ್ರೆ ದೂರದಿಂದ ಚುಚ್ಚಿದ ಹಾಗೆ ಕಾಣುತ್ತೆ ಆದ್ರೆ ಪಕ್ಕದಿಂದ ಬರೋನಿಗೆ ಏನೂ ಕಾಣಲ್ಲ. ಸಿಟಿ ಒಳಗೆ ರಾತ್ರಿ ಓಡಾಡೋಕೆ 20ರಿಂದ 50 ಲ್ಯೂಮೆನ್ ಧಾರಾಳವಾಗಿ ಸಾಕು, ಜೊತೆಗೆ ಪಕ್ಕಕ್ಕೂ ಸ್ವಲ್ಪ ಬೆಳಕು ಚೆಲ್ಲೋದಾದ್ರೆ ಒಳ್ಳೇದು, ಯಾಕಂದ್ರೆ ಕ್ರಾಸ್‌ಗಳಿಂದ ಸ್ಕೂಟರ್‌ಗಳು ನುಗ್ತಿರ್ತವೆ. ಬೀದಿ ದೀಪ ಇಲ್ಲದ ಹೈವೇಗೆ 50ರಿಂದ 100. ಹಗಲಲ್ಲೂ ಕಾಣ್ಬೇಕು ಅಂದ್ರೆ 100ರ ಮೇಲೆ ಬೇಕು, ಅದೂ ಬೆಳಕು ಹಿಂದಕ್ಕೆ ನೇರವಾಗಿ ಹೋಗೋ ಲೆನ್ಸ್ ಇದ್ದು ಬ್ಲಿಂಕ್ ಆಗ್ತಿರ್ಬೇಕು, ಬಿಸಿಲಿನ ಜೊತೆ ಪೈಪೋಟಿ ಅದು.

ಆನ್‌ಲೈನ್‌ನಲ್ಲಿ ನಾನೂರು ರೂಪಾಯಿಗೆ 200 ಲ್ಯೂಮೆನ್, ಐದು ಗಂಟೆ ಬರುತ್ತೆ ಅಂತ ಹಾಕಿರ್ತಾರೆ. ನಂಬೋ ಮುಂಚೆ ಬ್ಯಾಟರಿ ಎಷ್ಟು ಅಂತ ನೋಡಿ. 300 ಎಂಎಎಚ್ ಅಂತಿದ್ರೆ ಅದನ್ನ ಬ್ಯಾಟರಿಯ 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ, ಸುಮಾರು 1.1 ವ್ಯಾಟ್ ಅವರ್ ಆಯ್ತು. ಕೆಂಪು ಎಲ್‌ಇಡಿ ಒಂದು ವ್ಯಾಟ್‌ಗೆ 70 ಲ್ಯೂಮೆನ್ ಕೊಡುತ್ತೆ ಅಂತ ಉದಾರವಾಗಿ ಹಿಡಿದ್ರೂ 200 ಲ್ಯೂಮೆನ್‌ಗೆ ಮೂರು ವ್ಯಾಟ್ ಹತ್ರ ಬೇಕು, ಅಂದ್ರೆ ಆ ಬ್ಯಾಟರಿ ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಖಾಲಿ. ಐದು ಗಂಟೆ ಅನ್ನೋದು ಯಾವುದೋ ಮಿಣುಕು ಮೋಡ್‌ದು. ಹಾಗಾಗಿ ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿರೋದನ್ನ ಬಿಟ್ಟು ನೀವು ದಿನಾ ಹಾಕೋ ಮೋಡ್‌ನಲ್ಲಿ ಎಷ್ಟು ಗಂಟೆ ಬರುತ್ತೆ ಅಂತ ಕೇಳಿ, ಅದು ನಿಮ್ಮ ಒಂದು ದಿನದ ಓಡಾಟದ ಕಮ್ಮಿ ಅಂದ್ರೂ ಎರಡರಷ್ಟು ಇರ್ಲಿ.

ಮೋಡ್ ಅಂದ್ಮೇಲೆ ನೆನಪಾಯ್ತು, ಹತ್ತು ಹನ್ನೆರಡು ಮೋಡ್ ಇರೋ ಲೈಟು ಮದುವೆ ಮನೆ ಸೀರಿಯಲ್ ಸೆಟ್ ಥರ ಕುಣಿಯುತ್ತೆ ಅಷ್ಟೇ, ಬೇಕಾಗಿರೋದು ಎರಡೋ ಮೂರೋ. ಆಫ್ ಮಾಡಿ ಆನ್ ಮಾಡಿದಾಗ ಹಿಂದಿನ ಮೋಡ್‌ನಲ್ಲೇ ಶುರುವಾಗ್ಬೇಕು. ಬ್ಯಾಟರಿ ಕಮ್ಮಿ ಅಂತ ತೋರಿಸೋ ಸಣ್ಣ ದೀಪ ಇರ್ಬೇಕು, ಹಿಂದಿನ ಲೈಟ್ ಆರಿಹೋದ್ರೆ ಮುಂದೆ ನೋಡ್ಕೊಂಡು ತುಳಿಯೋರಿಗೆ ಗೊತ್ತೇ ಆಗಲ್ಲವಲ್ಲ.

ಬ್ಲಿಂಕ್ ಒಳ್ಳೇದಾ ಸ್ಟೆಡಿ ಒಳ್ಳೇದಾ ಅಂತ ಮುಗಿಯದ ಜಗಳ ಇದೆ. ಬ್ಲಿಂಕ್ ಆಗೋದು ಬೇಗ ಕಣ್ಣಿಗೆ ಬೀಳುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನೋಡೋನಿಗೆ ಅದು ಎಷ್ಟು ದೂರ ಇದೆ, ಎಷ್ಟು ಬೇಗ ಹತ್ತಿರ ಬರ್ತಿದೆ ಅಂತ ಅಂದಾಜು ಮಾಡೋಕೆ ಸ್ಟೆಡಿ ಬೆಳಕೇ ಸುಲಭ. ಜರ್ಮನಿಯಲ್ಲಿ ಸೈಕಲ್ ಹಿಂದೆ ಬ್ಲಿಂಕ್ ಲೈಟ್ ಹಾಕೋಕೆ ಕಾನೂನೇ ಬಿಡಲ್ಲ, ಇಂಗ್ಲೆಂಡಲ್ಲಿ 2005ರಿಂದ ಬಿಟ್ಟಿದಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯೋ 1200 ಕಿಲೋಮೀಟರ್‌ನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಗೆ ನಮ್ಮ ಕಡೆಯಿಂದಲೂ ಹೋಗ್ತಾರೆ, ಅಲ್ಲೂ ಹಿಂದೆ ಸ್ಟೆಡಿನೇ ಇರ್ಬೇಕು. ನನ್ನ ಕೇಳಿದ್ರೆ ಎರಡು ಲೈಟ್ ಹಾಕಿ. ಒಂದು ಸ್ಟೆಡಿ, ಇನ್ನೊಂದು ನಿಧಾನಕ್ಕೆ ಬ್ಲಿಂಕ್ ಆಗೋದು. ಐದು ಸಾವಿರದ ಒಂದು ಲೈಟ್‌ಗಿಂತ ಸಾವಿರ ಸಾವಿರದ ಎರಡು ಲೈಟ್ ಮೇಲು, ಒಂದು ಕೈಕೊಟ್ರೂ ಮನೆ ಸೇರ್ಬಹುದು. ದುಡ್ಡಿದ್ರೆ ಗಾರ್ಮಿನ್ ವೇರಿಯಾ ಥರದ ರಾಡಾರ್ ಇರೋ ಲೈಟೂ ಬರುತ್ತೆ, ಹಿಂದೆ 140 ಮೀಟರ್ ದೂರದಿಂದ ಬರೋ ಗಾಡೀನ ಹ್ಯಾಂಡಲ್ ಮೇಲಿನ ಸ್ಕ್ರೀನ್‌ನಲ್ಲಿ ತೋರಿಸುತ್ತೆ, ಖಾಲಿ ಹೈವೇಲಿ ಅದು ನಿಜವಾಗ್ಲೂ ಉಪಯೋಗ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅದಕ್ಕೆ ಏನು ಕೆಲಸ ಹೇಳಿ, ಹಿಂದೆ ಗಾಡಿ ಇಲ್ಲದ ಕ್ಷಣ ಯಾವುದಿದೆ.

ಮಳೆ. ಲೈಟ್ ಎಷ್ಟು ನೀರು ತಡೆಯುತ್ತೆ ಅಂತ ಹೇಳೋ ನಂಬರ್ ಐಪಿಎಕ್ಸ್. ಐಪಿಎಕ್ಸ್4 ಅಂದ್ರೆ ನೀರು ಎರಚಿದ್ರೆ ತಡ್ಕೊಳ್ಳುತ್ತೆ, 6 ಅಂದ್ರೆ ಜೋರಾಗಿ ಪೈಪ್‌ನಲ್ಲಿ ಹೊಡೆದ್ರೂ ಸರಿ, 7 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದ್ರೂ ಏನಾಗಲ್ಲ. ಮಲೆನಾಡು ಕರಾವಳಿಯವರು 6ಕ್ಕಿಂತ ಕೆಳಗೆ ಹೋಗ್ಬೇಡಿ, ಯಾಕಂದ್ರೆ ಮೇಲಿಂದ ಬರೋ ಮಳೆಗಿಂತ ಹಿಂದಿನ ಚಕ್ರ ಎರಚೋ ಕೆಸರು ನೀರು ಜಾಸ್ತಿ. ಆಮೇಲೆ ಒಳಗೆ ನೀರು ಹೋಗೋ ದಾರಿ ಬಹಳ ಸಲ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ, ಅದು ಸರಿಯಾಗಿ ಒತ್ತಿ ಕೂತಿದೆಯಾ ನೋಡ್ಕೊಳ್ಳಿ, ನೆನೆದು ಬಂದ ರಾತ್ರಿ ಒರೆಸಿ ಒಣಗಿಸದೆ ಚಾರ್ಜಿಗೆ ಹಾಕ್ಬೇಡಿ. ಹೊಸದಾಗಿ ತಗೊಳ್ಳೋದಾದ್ರೆ ಟೈಪ್ ಸಿ ಇರೋದೇ ತಗೊಳ್ಳಿ, ಫೋನ್ ಚಾರ್ಜರ್‌ನಲ್ಲೇ ಕೆಲಸ ಆಗುತ್ತೆ.

ಸರಿ, ಕಟ್ಟೋ ವಿಷಯಕ್ಕೆ ಬರೋಣ. ಗೇರ್ ಸೈಕಲ್‌ನವರು ಕಟ್ಟೋ ಜಾಗ ಸೀಟ್ ಪೋಸ್ಟ್, ಅಂದ್ರೆ ಸೀಟಿನ ಕೆಳಗಿನ ಕಂಬಿ. ಆ ಕಂಬಿ ನೆಟ್ಟಗಿರಲ್ಲ, ಹಿಂದಕ್ಕೆ ವಾಲಿರುತ್ತೆ, ಸಾಮಾನ್ಯವಾಗಿ ನೆಲಕ್ಕೆ 73 ಡಿಗ್ರಿ ಆಸುಪಾಸು. ಅದಕ್ಕೆ ಅಂಟ್ಕೊಂಡ ಹಾಗೆ ಲೈಟ್ ಕಟ್ಟಿದ್ರೆ ಲೈಟಿನ ಮುಖ 17 ಡಿಗ್ರಿ ನೆಲದ ಕಡೆ ಬಗ್ಗುತ್ತೆ. 80 ಸೆಂಟಿಮೀಟರ್ ಎತ್ತರದಲ್ಲಿರೋ ಲೈಟಿನ ನಡುಬೆಳಕು ಎಲ್ಲಿ ಬೀಳುತ್ತೆ ಗೊತ್ತಾ, ಬರೀ ಎರಡೂವರೆ ಮೀಟರ್ ಹಿಂದೆ, ರಸ್ತೆ ಮೇಲೆ. ಎಷ್ಟೇ ಲ್ಯೂಮೆನ್ ಇರ್ಲಿ, ಹೋಗಿದ್ದು ಡಾಂಬರಿಗೆ. ಒಳ್ಳೆ ಕಂಪನಿಯವರು ಈ ಓರೆ ಸರಿ ಮಾಡೋ ಹಾಗೆ ಬ್ರಾಕೆಟ್ ಅಥವಾ ರಬ್ಬರ್ ಕೊಟ್ಟಿರ್ತಾರೆ, ಇಲ್ಲದಿದ್ರೆ ಹಳೇ ಟ್ಯೂಬ್ ತುಂಡನ್ನ ಮಡಚಿ ಲೈಟಿನ ಕೆಳಭಾಗಕ್ಕೂ ಕಂಬಿಗೂ ನಡುವೆ ಇಟ್ಟು ಕಟ್ಟಿ, ಕೆಳಭಾಗ ಆಚೆ ಬಂದಷ್ಟೂ ಮುಖ ಮೇಲಕ್ಕೇಳುತ್ತೆ. ಟ್ಯೂಬ್ ತುಂಡು ಯಾವ ಪಂಚರ್ ಅಂಗಡೀಲಾದ್ರೂ ಸಿಗುತ್ತೆ, ದುಡ್ಡು ಕೂಡ ಕೇಳಲ್ಲ.

ಸರಿಯಾಯ್ತಾ ಅಂತ ನೋಡೋಕೆ ರಾತ್ರಿ ಸೈಕಲ್‌ನ ಹಿಂಭಾಗ ಗೋಡೆ ಕಡೆ ಮಾಡಿ ಒಂದೈದು ಮೀಟರ್ ದೂರ ನಿಲ್ಲಿಸಿ. ಗೋಡೆ ಮೇಲೆ ಎಲ್ಲಕ್ಕಿಂತ ಪ್ರಕಾಶಮಾನವಾದ ಜಾಗ ಲೈಟ್ ಇರೋ ಎತ್ತರಕ್ಕೇ ಬರ್ಬೇಕು, ಇಲ್ಲಾ ಒಂದು ಗೇಣು ಕೆಳಗಿರ್ಲಿ, ಮೇಲೆ ಬೇಡ. ಆಮೇಲೆ ಇನ್ನೊಂದು ಪರೀಕ್ಷೆ, ಇದನ್ನ ಯಾರೂ ಮಾಡಲ್ಲ: ಮನೇಲಿ ಯಾರನ್ನಾದ್ರೂ ನಿಮ್ಮ ಜರ್ಕಿನ್ ಹಾಕಿಸಿ, ನಿಮ್ಮ ಬ್ಯಾಗ್ ಹೊರಿಸಿ ಸೀಟ್ ಮೇಲೆ ಕೂರ್ಸಿ, ನೀವು ನೂರು ಹೆಜ್ಜೆ ಹಿಂದೆ ಹೋಗಿ ನೋಡಿ. ನಿಂತೂ ನೋಡಿ, ಸ್ವಲ್ಪ ಬಗ್ಗಿಯೂ ನೋಡಿ, ಕಾರಿನವನ ಕಣ್ಣು ನಿಂತ ಮನುಷ್ಯನ ಕಣ್ಣಿಗಿಂತ ಕೆಳಗಿರುತ್ತೆ. ರೇನ್‌ಕೋಟ್ ಹಾಕ್ಕೊಂಡಾಗ ಅದರ ಬಾಲ ಲೈಟ್ ಮುಚ್ಚೋದು ಹೀಗೆ ನೋಡಿದ್ರೇನೇ ಗೊತ್ತಾಗೋದು.

ಸೀಟ್ ತಗ್ಗಿಸಿಕೊಂಡು ತುಳಿಯೋರಿಗೆ ಕಂಬಿ ಹೊರಗೆ ಕಾಣೋದೇ ನಾಲ್ಕು ಬೆರಳು, ಸೀಟ್ ಕೆಳಗೆ ಬ್ಯಾಗ್ ಇದ್ರಂತೂ ಮುಗೀತು. ಅವರು ಹಿಂದಿನ ಚಕ್ರದ ಮೇಲಿಂದ ಸೀಟಿನ ಕಡೆ ಹೋಗೋ ಓರೆ ಪೈಪಿಗೆ ಕಟ್ಟಬಹುದು, ಬಲಗಡೆ ಪೈಪಿಗೆ ಕಟ್ಟಿ, ನಮ್ಮಲ್ಲಿ ಗಾಡಿಗಳು ಓವರ್‌ಟೇಕ್ ಮಾಡೋದು ಬಲಗಡೆಯಿಂದ. ಚಕ್ರ ತಿರುಗಿಸಿ ಕಡ್ಡಿಗೆ ತಾಗಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಬ್ಯಾಗಿಗೆ ಹೆಲ್ಮೆಟ್ಟಿಗೆ ಸಿಕ್ಸೋದು ಎರಡನೇ ಲೈಟಿಗೆ ಓಕೆ, ಇರೋ ಒಂದೇ ಲೈಟನ್ನ ಅಲ್ಲಿ ಹಾಕ್ಬೇಡಿ, ಬಗ್ಗಿದ ಹಾಗೆಲ್ಲ ಅದೂ ಬಗ್ಗುತ್ತೆ.

ಕ್ಯಾರಿಯರ್ ಇರೋ ಸೈಕಲ್ ಲೆಕ್ಕ ಬೇರೆ. ಹಾಲಿನ ಕ್ಯಾನು, ಪೇಪರ್ ಕಟ್ಟು, ಹುಲ್ಲಿನ ಹೊರೆ ಹೇರೋ ಸೈಕಲ್‌ಗೆ ಸೀಟ್ ಹತ್ರ ಏನು ಕಟ್ಟಿದ್ರೂ ದಂಡ, ಹೊರೆ ಎಲ್ಲ ಮುಚ್ಚಿಬಿಡುತ್ತೆ. ನಿಜ ಹೇಳ್ಬೇಕಂದ್ರೆ ಕತ್ತಲಲ್ಲಿ ರಸ್ತೆ ಮೇಲಿರೋದು ಇವರೇ ಜಾಸ್ತಿ, ಆದ್ರೆ ಮಾರೋ ಲೈಟ್ ಎಲ್ಲ ತೆಳ್ಳಗಿನ ರೇಸ್ ಸೈಕಲ್ ನೋಡ್ಕೊಂಡೇ ಮಾಡಿರ್ತಾರೆ. ಇವಕ್ಕೆ ಲೈಟ್ ಇರ್ಬೇಕಾದ ಜಾಗ ಕ್ಯಾರಿಯರ್‌ನ ಕಟ್ಟಕಡೆಯ ಅಂಚು. ಹೊಸ ನಮೂನೆ ಕ್ಯಾರಿಯರ್‌ಗಳಲ್ಲಿ ಹಿಂದೆ ಒಂದು ಪಟ್ಟಿ ಇದ್ದು ಅದರಲ್ಲಿ 50 ಅಥವಾ 80 ಮಿಲಿಮೀಟರ್ ಅಂತರಕ್ಕೆ ಎರಡು ತೂತು ಇರ್ತವೆ, ಅದೇ ಅಳತೆಯ ಲೈಟ್ ಸಿಗುತ್ತೆ, ಬೋಲ್ಟ್ ಹಾಕಿ ಬಿಗಿದ್ರೆ ಆಯ್ತು. ಹಳೇ ಕಪ್ಪು ಸೈಕಲ್ ಆದ್ರೆ ಹಿಂದಿನ ಮಡ್‌ಗಾರ್ಡ್‌ಗೆ ರಿಫ್ಲೆಕ್ಟರ್‌ಗಿಂತ ಸ್ವಲ್ಪ ಮೇಲೆ ಒಂದು ತೂತು ಹೊಡೆಸಿ, ಎರಡೂ ಕಡೆ ರಬ್ಬರ್ ವಾಷರ್ ಇಟ್ಟು ಬೋಲ್ಟ್ ಹಾಕಿ, ಡಬಲ್ ನಟ್ ಬಿಗಿದುಬಿಡಿ, ಇಲ್ಲಾಂದ್ರೆ ನಮ್ಮ ಹಂಪ್‌ಗಳಿಗೆ ಒಂದೇ ವಾರಕ್ಕೆ ಲೂಸ್ ಆಗುತ್ತೆ. ಬೋಲ್ಟಿನ ತುದಿ ಟೈರಿಗೆ ಉಜ್ಜದ ಹಾಗೆ ಗಿಡ್ಡ ಬೋಲ್ಟ್ ಹಾಕಿ. ಮಡ್‌ಗಾರ್ಡ್ ಮೇಲೆ ಕೆಸರು ಕೂರುತ್ತೆ, ದಿನಾ ಬೆರಳಲ್ಲಿ ಒಂದ್ಸಲ ಒರೆಸಿ.

ರಬ್ಬರ್ ಪಟ್ಟಿಲಿ ಕಟ್ಟೋ ಲೈಟಾದ್ರೆ ಬಿಸಿಲಿಗೆ ಪಟ್ಟಿ ಸೀಳು ಬಿಡುತ್ತೆ, ಅದಕ್ಕೆ ಲೈಟಿನ ಕೊಕ್ಕೆಗೂ ಕಂಬಿಗೂ ಒಂದು ಸಣ್ಣ ದಾರ ಕಟ್ಟಿಟ್ರೆ ಪಟ್ಟಿ ಹರಿದ್ರೂ ಲೈಟ್ ಲಾರಿ ಚಕ್ರದ ಕೆಳಗೆ ಹೋಗಲ್ಲ.

ಜೊತೆಗಿರೋರ ಬಗ್ಗೆಯೂ ಒಂದ್ಮಾತು. ಗುಂಪಲ್ಲಿ ಹೋಗುವಾಗ 100 ಲ್ಯೂಮೆನ್ ಬ್ಲಿಂಕ್ ಹಾಕ್ಕೊಂಡು ಮುಂದೆ ಹೋಗೋನ ಹಿಂದೆ ತುಳಿಯೋದು ಶಿಕ್ಷೆ, ನಡುವೆ ಇರೋರೆಲ್ಲ ಕಮ್ಮಿ ಸ್ಟೆಡಿಗೆ ಇಟ್ಟು, ಜೋರಾದ್ದು ಕಟ್ಟಕಡೆಯವನು ಮಾತ್ರ ಹಾಕ್ಲಿ. ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನ ಸ್ಕೂಟರ್‌ನವರ ಮುಖಕ್ಕೆ ಹೊಡೆಯೋದೂ ಅಷ್ಟೇ.

ಲೈಟ್ ಹಾಕಿದೀನಿ ಅಂತ ರಿಫ್ಲೆಕ್ಟರ್ ಕಿತ್ತು ಬಿಸಾಕ್ಬೇಡಿ. ಚಂದ ಕಾಣಲ್ಲ ಅಂತ ತೆಗೆಯೋರಿದಾರೆ, ಸೈಕಲ್ ರಿಫ್ಲೆಕ್ಟರ್ ಗುಣಮಟ್ಟಕ್ಕೆ ಅಂತ 2020ರಲ್ಲಿ ಕೇಂದ್ರ ಸರ್ಕಾರ ಆರ್ಡರ್ ಹೊರಡಿಸಿದ್ದು ಸುಮ್ನೆ ಅಲ್ಲ. ಹಿಂದೆಲ್ಲ ರಾತ್ರಿ ದೀಪ ಇಲ್ದೆ ಸಿಕ್ಕಿಬಿದ್ರೆ ಪೊಲೀಸರು ಚಕ್ರದ ಗಾಳಿ ಬಿಟ್ಟು ಕಳಿಸ್ತಿದ್ರು ಅಂತ ಹಿರಿಯರು ಹೇಳ್ತಾರಲ್ಲ, ಈಗ ಕೇಳೋರೇ ಇಲ್ಲ. ರಿಫ್ಲೆಕ್ಟರ್‌ಗೆ ಚಾರ್ಜ್ ಬೇಡ, ಆದ್ರೆ ಹಿಂದಿನ ಗಾಡಿಯ ಹೆಡ್‌ಲೈಟ್ ಬಿದ್ರೆ ಮಾತ್ರ ಹೊಳೆಯುತ್ತೆ ಅನ್ನೋದು ನೆನಪಿರ್ಲಿ. ಗಾಡಿಗಳಿಗೆ ಸ್ಟಿಕ್ಕರ್ ಕಟಿಂಗ್ ಮಾಡೋ ಅಂಗಡೀಲಿ ಹೊಳೆಯೋ ಕೆಂಪು ರೇಡಿಯಂ ಕೇಳಿ ತಂದು ಮಡ್‌ಗಾರ್ಡ್‌ಗೆ, ಹಳದಿ ತಂದು ಪೆಡಲ್ ಅಂಚಿಗೆ ಅಂಟ್ಸಿ. ಪೆಡಲ್ ಮೇಲೆ ಕೆಳಗೆ ಆಡೋದರಿಂದ ದೂರದಿಂದಲೇ ಇದು ಕಂಬ ಅಲ್ಲ, ಯಾರೋ ಸೈಕಲ್ ತುಳೀತಿದಾರೆ ಅಂತ ಗೊತ್ತಾಗುತ್ತೆ.

ಕಡೇದಾಗಿ ಕಳ್ಳರ ವಿಷಯ. ಮೆಟ್ರೋ ಸ್ಟೇಷನ್ ಹತ್ರ, ಮಾರ್ಕೆಟ್ ಹತ್ರ ನಿಲ್ಲಿಸಿದ್ರೆ ಪಟ್ಟಿ ಲೈಟ್ ಬಿಚ್ಚಿ ಜೇಬಲ್ಲಿ ಹಾಕ್ಕೊಂಡು ಹೋಗಿ, ಬೋಲ್ಟ್ ಹಾಕಿದ್ದು ಸಾಮಾನ್ಯವಾಗಿ ಹೋಗಲ್ಲ. ಜೇಬಲ್ಲಿ ಹಾಕುವಾಗ ಬಟನ್ ಒತ್ತಿ ಆನ್ ಆಗಿಬಿಡುತ್ತೆ ಕೆಲವು, ಸಂಜೆಗೆ ಚಾರ್ಜ್ ಇರಲ್ಲ, ಅಂಥದ್ದು ನಿಮ್ಮದಾಗಿದ್ರೆ ಬಟನ್ ಒತ್ತದ ಹಾಗೆ ಸಣ್ಣ ಡಬ್ಬೀಲಿ ಹಾಕಿಟ್ಕೊಳ್ಳಿ.