ಹೆಲಿಕ್ಸ್ ಸರಿಯಾಗಿ ಕೂರ್ತಿಲ್ವಾ? ಎಳೆದಾಡಬೇಡಿ, ಲೆಕ್ಕ ನೋಡಿ

ಸ್ಪ್ರಿಂಗ್ ಇರಲಿ, ಬೋಲ್ಟಿನ ಥ್ರೆಡ್ ಇರಲಿ, ಸುತ್ತು ಮೆಟ್ಟಿಲಿನ ರೇಲಿಂಗ್ ಇರಲಿ, ಕ್ಯಾಡ್‌ನಲ್ಲಿ (ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುವ ಸಾಫ್ಟ್‌ವೇರ್) ಹೆಲಿಕ್ಸ್, ಅಂದರೆ ಸುತ್ತುತ್ತಾ ಮೇಲೇರುವ ಗೆರೆ, ಬರೆಯುವುದು ಎರಡು ನಿಮಿಷದ ಕೆಲಸ. ಗೋಳು ಶುರುವಾಗುವುದು ಆಮೇಲೆ. ಮೇಲಿನ ತುದಿ ಬೇಕಾದ ಕಡೆ ಬಂದಿರುವುದಿಲ್ಲ, ಪ್ರೊಫೈಲ್ (ತಂತಿಯ ಅಥವಾ ಥ್ರೆಡ್‌ನ ಅಡ್ಡಸೀಳಿನ ಆಕಾರ) ಕೂರುವುದಿಲ್ಲ, ಆ ಆಕಾರವನ್ನು ಹೆಲಿಕ್ಸ್ ಉದ್ದಕ್ಕೂ ಎಳೆದು ಘನರೂಪ ಮಾಡುವ ಸ್ವೀಪ್ ಎರರ್ ಕೊಡುತ್ತದೆ. ಆಗ ಜಾಸ್ತಿ ಜನ ಮಾಡುವುದು ಒಂದೇ: ಮೌಸ್ ಹಿಡಿದು ಕಣ್ಣಳತೆಯಲ್ಲಿ ತಿರುಗಿಸುತ್ತಾ ಹೋಗುವುದು. ಬೇಡ. ತುದಿ ಎಲ್ಲಿಗೆ ಬರುತ್ತದೆ ಅನ್ನುವುದು ನೀವು ಕೊಟ್ಟ ಅಂಕಿಗಳಲ್ಲೇ ಇದೆ.

ಎತ್ತರ ಅಂದರೆ ಪಿಚ್ (ಒಂದು ಸುತ್ತಿಗೆ ಏರುವ ಎತ್ತರ) ಗುಣಿಸು ಸುತ್ತು. ಅಷ್ಟೇ. ಈ ಮೂರರಲ್ಲಿ ಎರಡು ನಿಮ್ಮ ಕೈಲಿ, ಮೂರನೆಯದು ತಾನಾಗಿ ಬರುತ್ತದೆ. ಹಾಗಾಗಿ ಎಡಿಟ್ ಮಾಡುವ ಮುಂಚೆ ಯಾವುದು ಅಲುಗಾಡಬಾರದು ಅಂತ ತೀರ್ಮಾನಿಸಿ. ಸಾಲಿಡ್‌ವರ್ಕ್ಸ್‌ನಲ್ಲಿ ಫೀಚರ್ ಮೇಲೆ ರೈಟ್ ಕ್ಲಿಕ್ ಮಾಡಿ ಎಡಿಟ್ ಫೀಚರ್‌ಗೆ ಹೋದರೆ ಯಾವ ಎರಡನ್ನು ಕೊಡುತ್ತೀರಿ ಅಂತ ಅದೇ ಕೇಳುತ್ತದೆ. ವ್ಯಾಸ ಮಾತ್ರ ಅಲ್ಲಿ ಸಿಗುವುದಿಲ್ಲ, ಅದು ಕೆಳಗಿನ ವೃತ್ತದ ಸ್ಕೆಚ್‌ನಲ್ಲಿರುತ್ತದೆ. ಆಟೋಕ್ಯಾಡ್‌ನಲ್ಲಿ ಪ್ರಾಪರ್ಟೀಸ್ ಪ್ಯಾಲೆಟ್ ತೆಗೆದು ಕನ್‌ಸ್ಟ್ರೇನ್ ಅನ್ನುವ ಸಾಲು ನೋಡಿ. ಅಲ್ಲಿ ಎತ್ತರ, ಸುತ್ತು, ಒಂದು ಸುತ್ತಿನ ಎತ್ತರ, ಇವುಗಳಲ್ಲಿ ಒಂದನ್ನು ಕಟ್ಟಿಹಾಕಬಹುದು. ಇದನ್ನು ನೋಡದೆ ಎತ್ತರ ಬದಲಾಯಿಸಿ, ಆಮೇಲೆ ಪಿಚ್ ಯಾಕೆ ಕೆಟ್ಟಿತು ಅಂತ ತಲೆ ಕೆರೆದುಕೊಳ್ಳುವವರು ಬಹಳ.

ಈಗ ಮುಖ್ಯ ವಿಷಯ, ತುದಿಯ ಕೋನ. 20 ಮಿ.ಮೀ. ವ್ಯಾಸ, 5 ಪಿಚ್, 37 ಎತ್ತರ ಅಂದುಕೊಳ್ಳಿ. 37 ಭಾಗಿಸು 5, ಅಂದರೆ 7.4 ಸುತ್ತು. ಪೂರ್ತಿ ಸುತ್ತುಗಳನ್ನು ಮರೆತುಬಿಡಿ, ಉಳಿದ 0.4 ಮಾತ್ರ ಮುಖ್ಯ. ಅದನ್ನು 360ರಿಂದ ಗುಣಿಸಿದರೆ 144 ಡಿಗ್ರಿ. ಮೇಲಿನ ತುದಿ ಕೆಳಗಿನ ತುದಿಯಿಂದ ಅಷ್ಟು ತಿರುಗಿ ನಿಂತಿದೆ. ಎರಡೂ ತುದಿ ಒಂದರ ಮೇಲೊಂದು ನೇರವಾಗಿ ಬೇಕಾ? ಎತ್ತರವನ್ನು 35 ಮಾಡಿ, ಇಲ್ಲವೇ 37 ಹಾಗೇ ಇಟ್ಟು ಸುತ್ತು 7 ಅಂತ ಕೊಡಿ, ಪಿಚ್ ಸುಮಾರು 5.286 ಆಗುತ್ತದೆ. ಕಾಲು ಸುತ್ತು ಆಚೆ ಬೇಕಿದ್ದರೆ 7.25 ಸುತ್ತು. ಸ್ಟಾರ್ಟ್ ಆಂಗಲ್ (ಕೆಳತುದಿ ಶುರುವಾಗುವ ಕೋನ) ಬದಲಾಯಿಸಿ ಇದನ್ನು ಸರಿಮಾಡಲು ಹೋಗಬೇಡಿ, ಯಾಕೆಂದರೆ ಅದು ಎರಡೂ ತುದಿಗಳನ್ನು ಒಟ್ಟಿಗೇ ತಿರುಗಿಸುತ್ತದೆ, ನಡುವಿನ ವ್ಯತ್ಯಾಸ ಹಾಗೇ ಉಳಿಯುತ್ತದೆ. ಮೊದಲು ಸ್ಟಾರ್ಟ್ ಆಂಗಲ್‌ನಿಂದ ಕೆಳತುದಿ ಕೂರಿಸಿ, ಆಮೇಲೆ ಸುತ್ತಿನ ಲೆಕ್ಕದಿಂದ ಮೇಲ್ತುದಿ. ಫ್ರೀಕ್ಯಾಡ್‌ನ ಪಾರ್ಟ್ ಹೆಲಿಕ್ಸ್ ಆದರೆ ತನ್ನದೇ ಎಕ್ಸ್ ದಿಕ್ಕಿನಲ್ಲಿ ಶುರುವಾಗುತ್ತದೆ, ಅದನ್ನು ಪ್ಲೇಸ್‌ಮೆಂಟ್‌ನಲ್ಲಿ ಝಡ್ ಸುತ್ತ ತಿರುಗಿಸಿಕೊಳ್ಳಿ.

ಪ್ರೊಫೈಲ್ ಯಾವ ಪ್ಲೇನ್‌ನಲ್ಲಿ (ಸಮತಲ) ಬರೆಯಬೇಕು ಅನ್ನುವುದರಲ್ಲೂ ತಪ್ಪಾಗುತ್ತದೆ. ದುಂಡು ತಂತಿಯ ಸ್ಪ್ರಿಂಗ್ ಆದರೆ ಹೆಲಿಕ್ಸ್‌ನ ತುದಿಯಲ್ಲಿ ಅದಕ್ಕೆ ಲಂಬವಾದ ಪ್ಲೇನ್ ಮಾಡಿಕೊಳ್ಳಿ. ಥ್ರೆಡ್ ಆದರೆ ಆಕ್ಸಿಸ್ (ಹೆಲಿಕ್ಸ್‌ನ ನಡುಗೆರೆ) ಹಾದುಹೋಗುವ ಪ್ಲೇನ್, ಯಾಕೆಂದರೆ ಮೆಟ್ರಿಕ್ ಥ್ರೆಡ್‌ನ 60 ಡಿಗ್ರಿ ಇರುವುದು ಆ ಸೀಳಿನಲ್ಲಿ. ವ್ಯತ್ಯಾಸ ಎಷ್ಟು ಅಂತೀರಾ? ಮೇಲಿನ 20 ವ್ಯಾಸ, 5 ಪಿಚ್ ಲೆಕ್ಕದಲ್ಲಿ ಹೆಲಿಕ್ಸ್ ಏರುವ ಕೋನ ಬರೀ 4.55 ಡಿಗ್ರಿ, ಕಣ್ಣಿಗೇ ಕಾಣುವುದಿಲ್ಲ. ಆದರೆ ಅದೇ 20 ವ್ಯಾಸಕ್ಕೆ 60 ಪಿಚ್ ಕೊಟ್ಟರೆ ಏರುಕೋನ 43 ದಾಟುತ್ತದೆ. ಆಗ ಆಕ್ಸಿಸ್ ಪ್ಲೇನ್‌ನಲ್ಲಿ ಬರೆದ 4 ಮಿ.ಮೀ. ವೃತ್ತ ಸ್ವೀಪ್ ಆದಮೇಲೆ ಒಂದು ಕಡೆ 2.9ಕ್ಕೆ ಚಪ್ಪಟೆಯಾಗಿರುತ್ತದೆ. ಇನ್ನು ಪ್ರೊಫೈಲನ್ನು ಹೆಲಿಕ್ಸ್‌ಗೆ ಸೇರಿಸುವಾಗ ಸಾಲಿಡ್‌ವರ್ಕ್ಸ್‌ನಲ್ಲಿ ಪಿಯರ್ಸ್ ರಿಲೇಶನ್ ಬಳಸಿ, ಹೆಲಿಕ್ಸ್ ಪ್ಲೇನನ್ನು ತೂರುವ ಬಿಂದುವಿಗೆ ಅದು ಪ್ರೊಫೈಲನ್ನು ಕಟ್ಟುತ್ತದೆ. ಆಕ್ಸಿಸ್ ಪ್ಲೇನ್ ಆದರೆ ಹೆಲಿಕ್ಸ್ ಅದನ್ನು ಪ್ರತಿ ಸುತ್ತಿಗೂ ತೂರಿ ಹೋಗುತ್ತದೆ ಅಲ್ವಾ, ಅದಕ್ಕೇ ನಿಮಗೆ ಬೇಕಾದ ತುದಿಯ ಹತ್ತಿರವೇ ಕ್ಲಿಕ್ ಮಾಡಿ.

ಎರಡು ಹೆಲಿಕ್ಸ್ ಜೋಡಿಸಬೇಕಾದರೆ ಆಕ್ಸಿಸ್, ರೇಡಿಯಸ್, ಸುತ್ತುವ ದಿಕ್ಕು ಒಂದೇ ಇರಬೇಕು. ಮೊದಲನೆಯದು ಮುಗಿಯುವ ಕೋನವೇ ಎರಡನೆಯದರ ಸ್ಟಾರ್ಟ್ ಆಂಗಲ್. ತುದಿಗಳು ಕೂಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪಿಚ್ 5ರಿಂದ 8ಕ್ಕೆ ಹಾರಿದರೆ ಏರುಕೋನ 4.55ರಿಂದ 7.26ಕ್ಕೆ ಹೋಗುತ್ತದೆ, ಕೂಡುವ ಜಾಗದಲ್ಲಿ ಸಣ್ಣ ಮುರಿವು ಕಾಣುತ್ತದೆ. ಇಂಥ ಕಡೆ ಎರಡು ಹೆಲಿಕ್ಸ್ ಯಾಕೆ ಬೇಕು ಹೇಳಿ, ದಾರಿಯುದ್ದಕ್ಕೂ ಪಿಚ್ ಬದಲಾಯಿಸಲು ಬಿಡುವ ವೇರಿಯಬಲ್ ಪಿಚ್ ಟೇಬಲ್‌ನಲ್ಲಿ ಒಂದೇ ಹೆಲಿಕ್ಸ್ ಮಾಡಿಬಿಡಿ. ಸ್ಪ್ರಿಂಗ್‌ನ ಕೊಕ್ಕೆಗೂ ಇದೇ ತೊಂದರೆ. ಹೆಲಿಕ್ಸ್ ತುದಿಯಲ್ಲೂ ಏರುತ್ತಲೇ ಇರುತ್ತದೆ, ನೀವು ಆಕ್ಸಿಸ್‌ಗೆ ಲಂಬವಾದ ಸಪಾಟು ಪ್ಲೇನ್‌ನಲ್ಲಿ ಗೆರೆ ಎಳೆದರೆ ಅದು ಟ್ಯಾಂಜೆಂಟ್ ಆಗುವುದೇ ಇಲ್ಲ, ಅಂದರೆ ಅದೇ ದಿಕ್ಕಿನಲ್ಲಿ ನುಣುಪಾಗಿ ಮುಂದುವರಿಯುವುದಿಲ್ಲ. 3ಡಿ ಸ್ಕೆಚ್ ತೆಗೆದು, ಹೆಲಿಕ್ಸನ್ನು ಕನ್ವರ್ಟ್ ಎಂಟಿಟೀಸ್‌ನಿಂದ ಒಳಗೆ ತಂದು, ಎರಡೂ ಕಡೆ ಟ್ಯಾಂಜೆಂಟ್ ಆಗಿರುವ ಪುಟ್ಟ ಸ್ಪ್ಲೈನ್ (ನುಣುಪಾದ ಬಾಗುಗೆರೆ) ಹಾಕಿ.

ಮಿರರ್ ಬಗ್ಗೆ ಹುಷಾರು! ಬಲಗೈ ಥ್ರೆಡ್ಡನ್ನು ಮಿರರ್ ಮಾಡಿದರೆ ಎಡಗೈ ಥ್ರೆಡ್ ಸಿಗುತ್ತದೆ, ನಟ್ ಹತ್ತುವುದಿಲ್ಲ. ತಲೆಕೆಳಗೆ ಮಾಡಬೇಕಿದ್ದರೆ 180 ಡಿಗ್ರಿ ರೊಟೇಟ್ ಮಾಡಿ, ಆಗ ದಿಕ್ಕು ಬದಲಾಗುವುದಿಲ್ಲ. ಅನುಮಾನ ಬಂದರೆ ಬಲಗೈ ಹೆಬ್ಬೆರಳನ್ನು ಆಕ್ಸಿಸ್‌ನತ್ತ ಹಿಡಿಯಿರಿ. ಬೆರಳು ಮಡಚುವ ಕಡೆಗೇ ಸುತ್ತುತ್ತಾ ಹೆಬ್ಬೆರಳಿನ ಕಡೆ ಸಾಗಿದರೆ ಅದು ಬಲಗೈ ಹೆಲಿಕ್ಸ್. ಸ್ಕೇಲ್ ಕೂಡ ಹಾಗೇ: ಆಕ್ಸಿಸ್ ಉದ್ದಕ್ಕೆ ಎಳೆದರೆ ಪಿಚ್ ಮತ್ತು ಎತ್ತರ ಮಾತ್ರ ಬದಲಾಗುತ್ತವೆ, ಅಡ್ಡಕ್ಕೆ ಒಂದೇ ಕಡೆ ಎಳೆದರೆ ಅದು ಹೆಲಿಕ್ಸ್ ಆಗಿ ಉಳಿಯುವುದಿಲ್ಲ.

ಸ್ವೀಪ್ ಇನ್ನೂ ಫೇಲ್ ಆಗುತ್ತಿದ್ದರೆ ಪ್ರೊಫೈಲ್ ಪಕ್ಕದ ಸುತ್ತಿಗೆ ತಾಗುತ್ತಿದೆಯಾ ನೋಡಿ. 1.5 ಪಿಚ್‌ನ ಎಂ10 ಥ್ರೆಡ್‌ಗೆ ಪ್ರೊಫೈಲ್ ಬುಡವನ್ನೂ 1.5 ಇಟ್ಟರೆ ಸುತ್ತುಗಳು ಅಂಚಿಗೆ ಅಂಚು ಮುಟ್ಟುತ್ತವೆ, ಸಾಫ್ಟ್‌ವೇರ್ ಗೊಂದಲಕ್ಕೆ ಬೀಳುತ್ತದೆ. 1.49 ಮಾಡಿ.

ಕೊನೆಗೆ, ಬೇರೆ ಸಾಫ್ಟ್‌ವೇರ್‌ಗೆ ಕಳಿಸುವವರು ಗಮನಿಸಿ. ನರ್ಬ್ಸ್ ಕರ್ವ್‌ಗೆ (ಸಾಫ್ಟ್‌ವೇರ್‌ಗಳು ಬಾಗುಗೆರೆಯನ್ನು ಇಟ್ಟುಕೊಳ್ಳುವ ಗಣಿತ ರೂಪ) ಹೆಲಿಕ್ಸನ್ನು ನೂರಕ್ಕೆ ನೂರು ಹಿಡಿಯಲು ಆಗುವುದಿಲ್ಲ, ತೀರಾ ಹತ್ತಿರ ಬರುತ್ತದೆ ಅಷ್ಟೇ. ರೈನೋದಂಥ ಕಡೆ ಅದು ಬರೀ ಕರ್ವ್ ಆಗಿರುವುದರಿಂದ ಪಿಚ್ ಬದಲಾಯಿಸಲು ಡಬ್ಬಿ ಸಿಗುವುದಿಲ್ಲ, ಹೊಸದಾಗಿ ಬರೆಯಬೇಕು. ಆಟೋಕ್ಯಾಡ್‌ನಲ್ಲೂ ಎಕ್ಸ್‌ಪ್ಲೋಡ್ ಮಾಡಿದರೆ ಸ್ಪ್ಲೈನ್ ಆಗಿಬಿಡುತ್ತದೆ. ಅದಕ್ಕೇ ಆಕ್ಸಿಸ್ ಗೆರೆ, ಬುಡದ ವೃತ್ತ, ಶುರುವಿನ ಬಿಂದು ಮೂರನ್ನೂ ಬೇರೆ ಲೇಯರ್‌ನಲ್ಲಿ ಇಟ್ಟು ಒಟ್ಟಿಗೇ ಕಳಿಸಿ, ಪಿಚ್ ಮತ್ತು ಸುತ್ತನ್ನು ಪಕ್ಕದಲ್ಲೇ ಟೆಕ್ಸ್ಟ್ ಆಗಿ ಬರೆದಿಡಿ.